ಬಿಷಪ್ ಕೈಯಲ್ಲಿ ಏನಿರಬೇಕು, ಏನಿರಬಾರದು? ಲೂಥರನ್ ಸಭೆಗಳ ಹಳೇ ಜಗಳ, ಹಾಸನದಿಂದ ನೋಡಿದಾಗ

ಬಿಷಪ್ ತಪ್ಪು ಮಾಡಿದರೆ ಅವರನ್ನು ಕೇಳುವವರು ಯಾರು? ಹದಿನಾರನೇ ಶತಮಾನದಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್ ಶುರುಮಾಡಿದ ಸುಧಾರಣೆಯಿಂದ ಹುಟ್ಟಿದ ಲೂಥರನ್ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಈ ಪ್ರಶ್ನೆ ಸುಮಾರು ಐನೂರು ವರ್ಷದಿಂದ ಇದೆ. ಒಮ್ಮೊಮ್ಮೆ ತಣ್ಣಗಾಗುತ್ತದೆ, ಮತ್ತೆ ಏಳುತ್ತದೆ. ಈಗ ಎದ್ದಿರುವ ಕಾಲ. 2022ರಲ್ಲಿ ಅಮೆರಿಕದ ಅತಿ ದೊಡ್ಡ ಲೂಥರನ್ ಸಭೆಯಾದ ಇಎಲ್‌ಸಿಎಯಲ್ಲಿ ಒಬ್ಬ ಬಿಷಪ್ ರಾಜೀನಾಮೆ ಕೊಡಬೇಕಾಯಿತು. ಅದೇ ವರ್ಷ ಆ ಸಭೆ ತನ್ನ ಇಡೀ ವ್ಯವಸ್ಥೆಯನ್ನು ಮತ್ತೆ ಯೋಚಿಸಲು ಒಂದು ಆಯೋಗವನ್ನೇ ಮಾಡಿತು. ನಮ್ಮ ದೇಶದಲ್ಲೂ ಲೂಥರನ್ ಸಭೆಗಳ ಚುನಾವಣೆ ಮತ್ತು ಆಸ್ತಿಯ ಜಗಳಗಳು ವರ್ಷಗಟ್ಟಲೆ ಕೋರ್ಟುಗಳಲ್ಲಿ ನಡೆದಿವೆ.

ಹಾಸನದಲ್ಲಿ ಕೂತು ಇದನ್ನೆಲ್ಲ ಯಾಕೆ ಬರೆಯಬೇಕು ಅಂತ ಕೇಳಬಹುದು. ನಮ್ಮ ಕಡೆ ತಾವು ಲೂಥರನ್ನರು ಅಂತ ಹೇಳಿಕೊಳ್ಳುವವರು ತೀರಾ ಕಡಿಮೆ, ನಿಜ. ಆದರೆ ಬಿಷಪ್ ಅಧಿಕಾರ ಅಂದರೆ ಏನು ಅಂತ ಇಲ್ಲಿನ ಕ್ರೈಸ್ತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಿಕ್ಕಮಗಳೂರಿನಲ್ಲಿ 1963ರಿಂದ ಕ್ಯಾಥೊಲಿಕ್ ಧರ್ಮಪ್ರಾಂತ್ಯ ಇದೆ, ಹಾಸನ ಜಿಲ್ಲೆಯೂ ಅದರೊಳಗೇ ಬರುತ್ತದೆ. ಪ್ರೊಟೆಸ್ಟೆಂಟರಲ್ಲಿ ಹೆಚ್ಚಿನವರು ಸಿಎಸ್‌ಐಗೆ, ಅಂದರೆ ಹಲವು ಪಂಗಡಗಳು ಸೇರಿ ಆದ ಚರ್ಚ್ ಆಫ್ ಸೌತ್ ಇಂಡಿಯಾಗೆ, ಸೇರಿದವರು. ಅದರ ಬಿಷಪ್ ಇರುವುದು ಮಂಗಳೂರಿನಲ್ಲಿ, ಘಟ್ಟ ಇಳಿದು ಹೋಗಬೇಕು. ಪಾಲಕರ (ಪಾಸ್ಟರ್‌ಗಳ) ವರ್ಗಾವಣೆ ಯಾವಾಗ, ಶಾಲೆಯ ಆಡಳಿತ ನೋಡುವ ಕರೆಸ್ಪಾಂಡೆಂಟ್ ಯಾರು, ಸಭೆಯ ಜಾಗ ಏನಾಗಬೇಕು ಎಂಬ ಮಾತು ಬಂದಾಗಲೆಲ್ಲ ನಮ್ಮವರು ಘಟ್ಟದ ಕೆಳಗೆ ನೋಡುತ್ತಾರೆ.

ಇನ್ನೊಂದು ನಂಟೂ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರಲ್ಲಿ ಬಹಳ ಜನ ಜರ್ಮನಿಯ ವುರ್ಟೆಂಬರ್ಗ್ ಕಡೆಯ ಲೂಥರನ್ ಮನೆಗಳಿಂದ ಬಂದವರು. ಅವರು ಕಟ್ಟಿದ ಸಭೆಗಳಲ್ಲಿ ಬಿಷಪ್ ಇರಲಿಲ್ಲ. ಹಾಸನದಲ್ಲಿ ರೆಡ್‌ಫರ್ನ್ ಆಸ್ಪತ್ರೆ ಕಟ್ಟಿದ ವೆಸ್ಲಿಯನ್ ಮೆಥಡಿಸ್ಟರಲ್ಲೂ ಇರಲಿಲ್ಲ. ನಮ್ಮ ಅಜ್ಜ ಅಜ್ಜಿಯರ ಕಾಲದ ಪ್ರೊಟೆಸ್ಟೆಂಟರು ಬಿಷಪ್ ಇಲ್ಲದೆಯೇ ಮೂರು ನಾಲ್ಕು ತಲೆಮಾರು ಸಭೆ ನಡೆಸಿದ್ದರು. ಬಿಷಪ್ ಬಂದದ್ದು 1947ರಲ್ಲಿ, ಸಿಎಸ್‌ಐ ಜೊತೆಗೆ. ಧಾರವಾಡ ಕಡೆಯ ಬಾಸೆಲ್ ಮಿಷನ್ ಸಭೆಗಳು ಸೇರಿದ್ದು ಇನ್ನೂ ತಡವಾಗಿ, 1968ರಲ್ಲಿ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬಿಷಪ್ ಬೇಕೋ ಬೇಡವೋ ಎಂಬ ವಾದದಲ್ಲಿ ಸಭೆಗಳು ತುಂಬಾ ಕಾಲ ಕಳೆದಿವೆ. ಅವರ ಕೈಯಲ್ಲಿ ಏನೇನು ಇರಬೇಕು, ಏನೇನು ಇರಲೇಬಾರದು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಲೂಥರನ್ನರ ಮೂಲ ದಾಖಲೆ ಹೇಳಿದ್ದೂ ಇದನ್ನೇ. ಅದನ್ನು ಅವರೂ ಮರೆತರು, ಅವರಿಂದ ಕಲಿಯಬಹುದಾಗಿದ್ದ ನಾವೂ ಕಲಿಯಲಿಲ್ಲ.

ಆ ದಾಖಲೆ ಔಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆ. 1530ರ ಜೂನ್ 25ರಂದು ಚಕ್ರವರ್ತಿ ಐದನೇ ಚಾರ್ಲ್ಸ್ ಎದುರು ಇದನ್ನು ಓದಲಾಯಿತು. ಬರೆದದ್ದು ಲೂಥರ್ ಅಲ್ಲ, ಅವರ ಗೆಳೆಯ ಫಿಲಿಪ್ ಮೆಲಾಂಕ್ತನ್. ಅದರಲ್ಲಿ 28 ಕಲಮುಗಳಿವೆ. ಕೊನೆಯದು, ಬಹಳ ಉದ್ದದ್ದು, ಬಿಷಪ್‌ಗಳ ಅಧಿಕಾರದ ಬಗ್ಗೆ.

ಆಗಿನ ಬಿಷಪ್‌ಗಳು ಹೇಗಿದ್ದರು ಅನ್ನುವುದು ಗೊತ್ತಿದ್ದರೆ ಈ ಕಲಮಿನ ಸಿಟ್ಟು ಅರ್ಥವಾಗುತ್ತದೆ. ಜರ್ಮನ್ ನಾಡುಗಳಲ್ಲಿ ಎಷ್ಟೋ ಬಿಷಪ್‌ಗಳು ರಾಜರೂ ಆಗಿದ್ದರು. ಅವರಿಗೆ ಸೀಮೆ ಇತ್ತು, ಸೈನಿಕರಿದ್ದರು, ಕಂದಾಯ ವಸೂಲಿ ಇತ್ತು. ಒಂದೇ ಕೈ ಆಶೀರ್ವಾದವನ್ನೂ ಕೊಡುತ್ತಿತ್ತು, ಖಡ್ಗವನ್ನೂ ಹಿಡಿಯುತ್ತಿತ್ತು. 28ನೇ ಕಲಮು ಇವೆರಡನ್ನೂ ಬಿಡಿಸಿ ಇಡುತ್ತದೆ. ಸುವಾರ್ತೆ ಸಾರುವುದು, ಪಾಪಕ್ಷಮೆ ಹೇಳುವುದು, ತಪ್ಪು ಬೋಧನೆಯನ್ನು ತಳ್ಳಿಹಾಕುವುದು, ದೀಕ್ಷಾಸ್ನಾನ ಮತ್ತು ಕರ್ತನ ಭೋಜನ ನಡೆಸುವುದು, ಇಷ್ಟೇ ಬಿಷಪ್‌ಗೆ ದೇವರು ಕೊಟ್ಟ ಅಧಿಕಾರ. ಇದನ್ನು ಬಲದಿಂದ ಮಾಡುವ ಹಾಗಿಲ್ಲ, ವಾಕ್ಯದಿಂದ ಮಾತ್ರ ಮಾಡಬೇಕು. ಮದುವೆ ವ್ಯಾಜ್ಯ, ತೆರಿಗೆ, ಆಸ್ತಿಯಂಥ ವಿಷಯಗಳಲ್ಲಿ ಬಿಷಪ್‌ಗೆ ಏನಾದರೂ ಅಧಿಕಾರ ಇದ್ದರೆ ಅದು ಮನುಷ್ಯರ ಕಾನೂನು ಕೊಟ್ಟದ್ದು. ಬಿಷಪ್ ಸುವಾರ್ತೆಗೆ ವಿರುದ್ಧವಾಗಿ ಕಲಿಸಿದರೆ? ಅವರ ಮಾತು ಕೇಳಬಾರದು ಅಂತ ಸಭೆಗೆ ದೇವರ ಅಪ್ಪಣೆಯೇ ಇದೆ ಎನ್ನುತ್ತದೆ ಆ ಕಲಮು.

ಎಷ್ಟು ನೇರವಾದ ಮಾತು ನೋಡಿ. ಬಿಷಪ್‌ಗಳನ್ನು ಕಿತ್ತುಹಾಕಿ ಅಂತ ಅದು ಎಲ್ಲೂ ಹೇಳಲಿಲ್ಲ. ಅವರು ಇರಲಿ, ಆದರೆ ಅವರ ಅಧಿಕಾರಕ್ಕೆ ಒಂದು ಬೇಲಿ ಇರಲಿ ಅಂತ ಹೇಳಿತು. ಏಳು ವರ್ಷದ ನಂತರ, 1537ರಲ್ಲಿ, ಮೆಲಾಂಕ್ತನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪಾಲಕನಿಗೂ ಬಿಷಪ್‌ಗೂ ನಡುವಿನ ಮೇಲು ಕೀಳು ಮನುಷ್ಯರು ಮಾಡಿಕೊಂಡ ಏರ್ಪಾಡು, ದೇವರು ಮಾಡಿದ್ದಲ್ಲ. ಹಾಗಾಗಿ ಬಿಷಪ್ ಒಪ್ಪದಿದ್ದರೆ ಪಾಲಕರೇ ಹೊಸ ಪಾಲಕರಿಗೆ ದೀಕ್ಷೆ ಕೊಡಬಹುದು ಎಂದು ಬರೆದರು. ಇವತ್ತಿಗೂ ಲೂಥರನ್ನರು ಎರಡು ಬಣವಾಗಿ ವಾದ ಮಾಡುವಾಗ ಒಬ್ಬರು 1530ರ ಮಾತನ್ನು ಎತ್ತುತ್ತಾರೆ, ಇನ್ನೊಬ್ಬರು 1537ರದನ್ನು.

ವಾದದ ಇನ್ನೊಂದು ಬದಿಯಲ್ಲಿ ಪರಂಪರೆಯ ಪ್ರಶ್ನೆ ಇದೆ. ಯೇಸುವಿನ ಶಿಷ್ಯರಾದ ಅಪೊಸ್ತಲರು ಮೊದಲ ಬಿಷಪ್‌ಗಳ ತಲೆಯ ಮೇಲೆ ಕೈಯಿಟ್ಟರು, ಅವರು ಮುಂದಿನವರ ಮೇಲೆ ಇಟ್ಟರು, ಹೀಗೆ ಕೈಯಿಂದ ಕೈಗೆ ಇವತ್ತಿನವರೆಗೆ ಬಂದಿದೆ ಎಂಬ ನಂಬಿಕೆ. ಇದು ನಮ್ಮ ಮಲೆನಾಡಿನವರಿಗೆ ಬೇಗ ಅರ್ಥವಾಗುತ್ತದೆ. ಶೃಂಗೇರಿಯಲ್ಲಿ 2015ರಲ್ಲಿ ಭಾರತೀತೀರ್ಥ ಸ್ವಾಮಿಗಳು ವಿಧುಶೇಖರ ಭಾರತಿಯವರಿಗೆ ಸಂನ್ಯಾಸ ಕೊಟ್ಟು ಉತ್ತರಾಧಿಕಾರಿ ಮಾಡಿದರು. ಗುರು ಕೊಟ್ಟರೆ ಮಾತ್ರ ಪೀಠ, ಸಾಲು ತಪ್ಪಬಾರದು. ಕ್ಯಾಥೊಲಿಕ್ಕರು, ಆಂಗ್ಲಿಕನ್ನರು ಬಿಷಪ್ ವಿಷಯದಲ್ಲಿ ಹೆಚ್ಚುಕಡಿಮೆ ಹೀಗೇ ಯೋಚಿಸುತ್ತಾರೆ. ಲೂಥರನ್ನರಲ್ಲಿ ಮಾತ್ರ ಒಮ್ಮತ ಇಲ್ಲ.

ಒಮ್ಮತ ಇಲ್ಲದ್ದಕ್ಕೆ ಇತಿಹಾಸವೇ ಕಾರಣ. ಸ್ವೀಡನ್ನಿನಲ್ಲಿ ಸಾಲು ಉಳಿಯಿತು. 1531ರಲ್ಲಿ ಲಾರೆಂಟಿಯಸ್ ಪೆತ್ರಿ ಉಪ್ಸಾಲದ ಆರ್ಚ್‌ಬಿಷಪ್ ಆದಾಗ ಅವರ ಮೇಲೆ ಕೈಯಿಟ್ಟವರು ರೋಮಿನಲ್ಲಿ ದೀಕ್ಷೆ ಪಡೆದಿದ್ದ ಬಿಷಪ್ ಪೆತ್ರುಸ್ ಮಾಗ್ನಿ. ಡೆನ್ಮಾರ್ಕಿನಲ್ಲಿ ಸಾಲು ಮುರಿಯಿತು. ರಾಜ ಮೂರನೇ ಕ್ರಿಶ್ಚಿಯನ್ 1536ರಲ್ಲಿ ಹಳೇ ಬಿಷಪ್‌ಗಳನ್ನೆಲ್ಲ ಬಂಧಿಸಿದ, ಅವರ ಆಸ್ತಿ ಕಿತ್ತುಕೊಂಡ. ಮರುವರ್ಷ ಲೂಥರ್‌ರ ಸಂಗಾತಿ ಬುಗೆನ್‌ಹಾಗೆನ್ ಹೊಸದಾಗಿ ಏಳು ಜನರಿಗೆ ದೀಕ್ಷೆ ಕೊಟ್ಟರು. ಬುಗೆನ್‌ಹಾಗೆನ್ ಬಿಷಪ್ ಆಗಿರಲಿಲ್ಲ, ಒಬ್ಬ ಪಾಲಕ ಅಷ್ಟೇ. ಲೂಥರ್ ಕೂಡ 1542ರಲ್ಲಿ ನೌಂಬುರ್ಗಿನಲ್ಲಿ ಆಮ್ಸ್‌ಡಾರ್ಫ್‌ರನ್ನು ಬಿಷಪ್ ಮಾಡಿದರು. ಅವರೂ ಬಿಷಪ್ ಅಲ್ಲ.

ಫಿನ್ಲೆಂಡಿನ ಕಥೆ ಇನ್ನೂ ವಿಚಿತ್ರ. ಅಲ್ಲಿ ಸ್ವೀಡನ್ನಿನ ಸಾಲೇ ನಡೆದುಬಂದಿತ್ತು. 1884ರಲ್ಲಿ ಸ್ವಲ್ಪ ಸಮಯದ ಅಂತರದಲ್ಲಿ ದೇಶದ ಬಿಷಪ್‌ಗಳೆಲ್ಲ ತೀರಿಹೋದರು. ಕೈಯಿಡಲು ಬಿಷಪ್ಪೇ ಇಲ್ಲ. ಕೊನೆಗೆ ದೇವಶಾಸ್ತ್ರದ ಪ್ರೊಫೆಸರ್ ಗ್ರಾನ್‌ಫೆಲ್ಟ್ ಹೊಸ ಆರ್ಚ್‌ಬಿಷಪ್ಪರಿಗೆ ದೀಕ್ಷೆ ಕೊಟ್ಟರು. ಸಭೆ ನಿಂತುಹೋಗಲಿಲ್ಲ. ಮುರಿದ ಸಾಲನ್ನು ಮುಂದೆ ಸ್ವೀಡನ್ನಿನ ಬಿಷಪ್‌ಗಳ ಮೂಲಕ ಮತ್ತೆ ಜೋಡಿಸಿಕೊಂಡರು.

ಜರ್ಮನಿಯಲ್ಲಿ ಆದದ್ದು ಎಲ್ಲಕ್ಕಿಂತ ಕೆಟ್ಟದ್ದು ಅಂತ ನನಗೆ ಅನ್ನಿಸುತ್ತದೆ. ಬಿಷಪ್‌ಗಳು ಒಪ್ಪದಿದ್ದಾಗ ಲೂಥರ್ ಸಭೆಯನ್ನು ನೋಡಿಕೊಳ್ಳಲು ಅರಸರನ್ನು ಕೇಳಿಕೊಂಡರು. ತಾತ್ಕಾಲಿಕ ಅಂತ ಶುರುವಾದ ಈ ಏರ್ಪಾಡು 1918ರವರೆಗೆ ನಡೆಯಿತು. ಅರಸನೇ ಸಭೆಯ ಮುಖ್ಯಸ್ಥ. ಬವೇರಿಯದಲ್ಲಿ ರಾಜ ಕ್ಯಾಥೊಲಿಕ್ ಆಗಿದ್ದರೂ ಲೂಥರನ್ ಸಭೆಯ ಮೇಲಿನ ಅಧಿಕಾರ ಅವನದೇ ಆಗಿತ್ತು. ಅಂದರೆ ಆಶೀರ್ವಾದವನ್ನೂ ಖಡ್ಗವನ್ನೂ ಬೇರೆ ಮಾಡಬೇಕು ಅಂತ ಹೊರಟವರು ಎರಡನ್ನೂ ಮತ್ತೆ ಒಂದೇ ಕೈಗೆ ಕೊಟ್ಟರು. ಈ ಸಲ ಆ ಕೈ ಅರಸನದು. ಇದರ ಬೆಲೆ 1933ರಲ್ಲಿ ಗೊತ್ತಾಯಿತು. ನಾಜಿಗಳು ಲುಡ್ವಿಗ್ ಮುಲ್ಲರ್ ಎಂಬವರನ್ನು ಇಡೀ ದೇಶಕ್ಕೆ ಒಬ್ಬ ಬಿಷಪ್ ಮಾಡಿ ಕೂರಿಸಿದರು. ಮರುವರ್ಷ ಬಾರ್ಮೆನ್ ಊರಿನಲ್ಲಿ ಲೂಥರನ್, ರಿಫಾರ್ಮ್ಡ್ ಮತ್ತು ಸಂಯುಕ್ತ ಸಭೆಗಳವರು ಸೇರಿ ಒಂದು ಘೋಷಣೆ ಹೊರಡಿಸಿದರು. ಸಭೆಯ ಬೇರೆ ಬೇರೆ ಹುದ್ದೆಗಳು ಒಬ್ಬರ ಮೇಲೆ ಇನ್ನೊಬ್ಬರು ದೊರೆತನ ನಡೆಸಲು ಇರುವಂಥವಲ್ಲ ಎಂಬುದು ಅದರ ನಾಲ್ಕನೇ ಮಾತು.

ಈಗ ಅಮೆರಿಕಕ್ಕೆ ಬರುತ್ತೇನೆ. ಇಲ್ಲಿಂದ ಒಂದು ಎಳೆ ನೇರವಾಗಿ ಕರ್ನಾಟಕಕ್ಕೆ ಬರುತ್ತದೆ.

1838ರ ಕೊನೆಗೆ ಜರ್ಮನಿಯ ಸ್ಯಾಕ್ಸನಿಯಿಂದ ಸುಮಾರು ಏಳು ನೂರು ಜನ ಲೂಥರನ್ನರು ಹಡಗು ಹತ್ತಿದರು. ಅವರ ನಾಯಕ ಡ್ರೆಸ್ಡನ್ನಿನ ಪಾಲಕ ಮಾರ್ಟಿನ್ ಸ್ಟೆಫಾನ್. ದಾರಿಯಲ್ಲೇ, 1839ರ ಜನವರಿಯಲ್ಲಿ, ಅವರನ್ನು ಬಿಷಪ್ ಎಂದು ಆರಿಸಿದರು. ಎಲ್ಲದರಲ್ಲೂ ಅವರ ಮಾತು ಕೇಳುತ್ತೇವೆ ಅಂತ ಬರೆದು ಸಹಿ ಹಾಕಿದರು. ಜನರ ಹಣವೆಲ್ಲ ಒಂದು ಸಾಮಾನ್ಯ ನಿಧಿಯಲ್ಲಿತ್ತು, ಅದರ ಮೇಲೂ ಸ್ಟೆಫಾನರ ಹಿಡಿತ. ಅದೇ ವರ್ಷ ಮೇ ತಿಂಗಳಲ್ಲಿ ಹೆಂಗಸರೊಂದಿಗಿನ ದುರ್ನಡತೆ ಮತ್ತು ಹಣದ ದುರುಪಯೋಗದ ಆರೋಪದ ಮೇಲೆ ಅವರನ್ನು ಇಳಿಸಿ, ಮಿಸಿಸಿಪ್ಪಿ ನದಿ ದಾಟಿಸಿ ಆಚೆ ದಡದಲ್ಲಿ ಬಿಟ್ಟುಬಂದರು.

ಉಳಿದವರಿಗೆ ದಿಕ್ಕು ತೋಚಲಿಲ್ಲ. ಬಿಷಪ್ ಇಲ್ಲ, ಊರಿನ ಸಭೆಯನ್ನು ಬಿಟ್ಟುಬಂದಾಗಿದೆ. ನಾವು ಇನ್ನೂ ಸಭೆ ಹೌದೋ ಅಲ್ಲವೋ ಅಂತ ಅವರು ನಿಜವಾಗಿಯೂ ಹೆದರಿದರು. 1841ರಲ್ಲಿ ಮಿಸೌರಿ ರಾಜ್ಯದ ಆಲ್ಟನ್‌ಬರ್ಗ್ ಎಂಬಲ್ಲಿ ಇದರ ಮೇಲೆ ಬಹಿರಂಗ ವಾದ ನಡೆಯಿತು. ಸಿ. ಎಫ್. ಡಬ್ಲ್ಯು. ವಾಲ್ಥರ್ ಎಂಬ ತರುಣ ಪಾಲಕ ಅವರನ್ನು ಸಮಾಧಾನ ಮಾಡಿದರು. ವಾಕ್ಯವೂ ಸಂಸ್ಕಾರಗಳೂ ಇರುವಲ್ಲಿ ಸಭೆ ಇದೆ, ಪಾಲಕನನ್ನು ಕರೆಯುವ ಹಕ್ಕು ಸಭೆಯದ್ದೇ ಎಂದರು. 1847ರಲ್ಲಿ ಇವರು ಕಟ್ಟಿದ್ದೇ ಈಗಿನ ಮಿಸೌರಿ ಸಿನೋಡ್, ಸ್ಥಳೀಯ ಸಭೆಗಳ ಒಂದು ಒಕ್ಕೂಟ. ಅದಕ್ಕೆ ಬಿಷಪ್ ಇಲ್ಲ, ಅಧ್ಯಕ್ಷರಿದ್ದಾರೆ. ಸ್ಥಳೀಯ ಸಭೆಗಳಿಗೆ ಸಿನೋಡ್ ಕೊಡುವುದು ಸಲಹೆ ಅಂತ ಅವರ ನಿಯಮವೇ ಹೇಳುತ್ತದೆ.

ಮಿಸೌರಿಯವರು 1895ರಲ್ಲಿ ಕೃಷ್ಣಗಿರಿಗೆ ಬಂದರು. ಅವರ ಕೆಲಸ ಹಬ್ಬಿ ಇಂಡಿಯಾ ಇವಾಂಜೆಲಿಕಲ್ ಲೂಥರನ್ ಚರ್ಚ್ ಆಯಿತು. ಕೋಲಾರದ ಚಿನ್ನದ ಗಣಿಯ ಕಾರ್ಮಿಕರ ನಡುವೆಯೂ ಅದರ ಸಭೆಗಳು ಬೆಳೆದವು. ಕೆಜಿಎಫ್‌ನ ಲೂಥರನ್ನರಿಗೆ ಬಿಷಪ್ ಇಲ್ಲದೆ ಅಧ್ಯಕ್ಷರು ಇರುವುದಕ್ಕೆ ಕಾರಣ ಹುಡುಕುತ್ತಾ ಹೋದರೆ ಮಿಸಿಸಿಪ್ಪಿಯ ದಡಕ್ಕೆ ಹೋಗಿ ಮುಟ್ಟುತ್ತೇವೆ.

ಅಮೆರಿಕದ ಇನ್ನೊಂದು ಗುಂಪಿನದ್ದು ಬೇರೆ ದಾರಿ. ಇಎಲ್‌ಸಿಎ 1988ರಲ್ಲಿ ಶುರುವಾಯಿತು, ಅದರಲ್ಲಿ ಮೊದಲಿನಿಂದಲೂ ಬಿಷಪ್‌ಗಳಿದ್ದರು. ಆದರೆ ಅವರು ಇಂತಿಷ್ಟು ವರ್ಷಕ್ಕೆ ಅಂತ ಆಯ್ಕೆಯಾಗುವವರು, ಅಪೊಸ್ತಲರ ಸಾಲಿನವರು ಎಂಬ ಹಕ್ಕು ಇರಲಿಲ್ಲ. ಆಂಗ್ಲಿಕನ್ ಪಂಗಡದ ಎಪಿಸ್ಕೋಪಲ್ ಸಭೆಯ ಜೊತೆ ಪೂರ್ತಿ ಸಹಭಾಗಿತ್ವಕ್ಕೆ ಮಾತುಕತೆ ನಡೆದಾಗ ಆ ಸಾಲನ್ನು ಒಪ್ಪಿಕೊಳ್ಳಬೇಕು ಎಂಬ ಷರತ್ತು ಬಂತು. 1997ರಲ್ಲಿ ಪ್ರಸ್ತಾಪ ಆರೇ ಆರು ಮತದಿಂದ ಬಿತ್ತು. 1999ರಲ್ಲಿ ತಿದ್ದಿ ತಂದಾಗ 716-317ರಲ್ಲಿ ಗೆದ್ದಿತು. ಮೂರನೇ ಎರಡರಷ್ಟು ಬೇಕಿತ್ತು, ಅದಕ್ಕಿಂತ ಸ್ವಲ್ಪವೇ ಜಾಸ್ತಿ. 2001ರಿಂದ ಜಾರಿಗೆ ಬಂತು.

ವಿರೋಧಿಸಿದವರ ಮಾತು ಸರಳವಾಗಿತ್ತು. ಸಭೆಗಳ ಐಕ್ಯಕ್ಕೆ ಸುವಾರ್ತೆ ಮತ್ತು ಸಂಸ್ಕಾರಗಳಲ್ಲಿ ಒಮ್ಮತ ಸಾಕು ಅಂತ ಔಗ್ಸ್‌ಬರ್ಗಿನ ಏಳನೇ ಕಲಮು ಹೇಳಿದೆ. ಆ 'ಸಾಕು' ಮೇಲೆ ಬಿಷಪ್ ಸಾಲನ್ನೂ ಸೇರಿಸುವುದು ಯಾಕೆ? ಕೆಲವರು ಬಿಟ್ಟು ಹೋಗಿ ಬೇರೆ ಸಂಘ ಮಾಡಿಕೊಂಡರು. ಅವರನ್ನು ಸಮಾಧಾನ ಮಾಡಲು 2001ರಲ್ಲಿ ಒಂದು ವಿನಾಯಿತಿ ತಂದರು. ವಿಶೇಷ ಸಂದರ್ಭದಲ್ಲಿ ಬಿಷಪ್ ಬದಲು ಪಾಲಕರೇ ದೀಕ್ಷೆ ಕೊಡಬಹುದು. ಆದರೆ ಅದಕ್ಕೆ ಅನುಮತಿ ಕೊಡಬೇಕಾದವರು ಬಿಷಪ್. ಹೀಗಾದರೆ ಅದನ್ನು ಪೂರ್ತಿ ವಿನಾಯಿತಿ ಅನ್ನಲಾಗುವುದಿಲ್ಲ, ಅಲ್ವಾ? ವಿರೋಧಿಗಳ ಈ ದೂರು ನ್ಯಾಯವಾದದ್ದು.

ಆದರೂ ನನಗೆ 1999ರ ಜಗಳಕ್ಕಿಂತ 2022ರ ಘಟನೆ ಮುಖ್ಯ ಅನ್ನಿಸುತ್ತದೆ. ಕ್ಯಾಲಿಫೋರ್ನಿಯದ ಒಂದು ಲ್ಯಾಟಿನೋ ಸಭೆಯ ಪಾಲಕರನ್ನು ಅಲ್ಲಿನ ಬಿಷಪ್ ಮತ್ತು ಅವರ ಸಮಿತಿ 2021ರ ಡಿಸೆಂಬರ್ 12ರಂದು ಕೆಲಸದಿಂದ ತೆಗೆದರು. ಪಾಲಕರ ಮೇಲೆ ದೂರುಗಳಿದ್ದವು, ಅವರು ಅದನ್ನು ಅಲ್ಲಗಳೆದಿದ್ದರು. ಆದರೆ ಆ ದಿನ ಗ್ವಾದಲೂಪೆ ಮಾತೆಯ ಹಬ್ಬ, ಲ್ಯಾಟಿನೋ ಜನರಿಗೆ ಬಹಳ ದೊಡ್ಡ ದಿನ. ಹಬ್ಬಕ್ಕೆ ಬಂದ ಜನಕ್ಕೆ ಪಾಲಕರಿಲ್ಲ. ದೂರು ಮೇಲಕ್ಕೆ ಹೋಯಿತು, ವಿಚಾರಣೆಯ ವರದಿ ಬಂತು. ಇಡೀ ಸಭೆಯ ಮುಖ್ಯ ಬಿಷಪ್ ಮೊದಲು ರಾಜೀನಾಮೆ ಕೊಡಿ ಅಂತ ಕೇಳಿದರು, ಶಿಸ್ತು ಕ್ರಮ ತೆಗೆದುಕೊಳ್ಳಲಿಲ್ಲ. ಜನ ಸಿಟ್ಟಿಗೆದ್ದರು. ಜೂನ್ ಹೊತ್ತಿಗೆ ಆ ಬಿಷಪ್ ರಾಜೀನಾಮೆ ಕೊಟ್ಟರು.

ಇಲ್ಲಿ ಅಪೊಸ್ತಲರ ಸಾಲಿನ ಪ್ರಶ್ನೆಯೇ ಏಳಲಿಲ್ಲ. ಜನ ಕೇಳಿದ್ದು ಬೇರೆ. ಪಾಲಕರನ್ನು ತೆಗೆಯುವಾಗ ಸಭೆಯ ಮಾತು ಕೇಳಿದ್ದೀರಾ? ಬಿಷಪ್ ಮೇಲೆ ದೂರು ಬಂದರೆ ಇನ್ನೊಬ್ಬ ಬಿಷಪ್ಪೇ ತೀರ್ಮಾನ ಮಾಡಬೇಕಾ? ಈ ಎರಡು ಪ್ರಶ್ನೆ ಸಕಲೇಶಪುರದಲ್ಲಿ ಕೇಳಿದರೂ ಸಲ್ಲುತ್ತವೆ, ಮೂಡಿಗೆರೆಯಲ್ಲಿ ಕೇಳಿದರೂ ಸಲ್ಲುತ್ತವೆ.

ಭಾರತದ ಲೂಥರನ್ ಸಭೆಗಳನ್ನು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಬಿಷಪ್ ಬೇಕೇ ಎಂಬುದನ್ನು ಇಲ್ಲಿನ ಜನ ಕೂತು ಚರ್ಚಿಸಿ ತೀರ್ಮಾನ ಮಾಡಿದ್ದು ಕಡಿಮೆ. ಯಾವ ದೇಶದ ಮಿಷನ್ ಬಂತೋ ಆ ದೇಶದ ಪದ್ಧತಿ ಉಳಿಯಿತು. ತಮಿಳುನಾಡಿನ ತರಂಗಂಬಾಡಿಗೆ 1706ರಲ್ಲಿ ಲೂಥರನ್ ಮಿಷನರಿಗಳಾದ ಸೀಗನ್‌ಬಾಲ್ಗ್ ಮತ್ತು ಪ್ಲೂಚೌ ಬಂದಿಳಿದರು. ಮುಂದೆ ಆ ಕೆಲಸವನ್ನು ಜರ್ಮನಿಯ ಲೈಪ್‌ಜಿಗ್ ಮಿಷನ್ ವಹಿಸಿಕೊಂಡಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನರನ್ನು ಹೊರಗೆ ಕಳಿಸಿದಾಗ ಸ್ವೀಡನ್ನಿನವರು ನೋಡಿಕೊಂಡರು. 1919ರಲ್ಲಿ ತಮಿಳು ಲೂಥರನ್ ಸಭೆ ಸ್ವತಂತ್ರವಾಯಿತು, 1921ರಲ್ಲಿ ಸ್ವೀಡನ್ನಿನ ಎರ್ನ್‌ಸ್ಟ್ ಹ್ಯೂಮನ್ ಅದರ ಮೊದಲ ಬಿಷಪ್ ಆದರು. ಭಾರತೀಯರೊಬ್ಬರು ಆ ಪೀಠಕ್ಕೆ ಬಂದದ್ದು 1956ರಲ್ಲಿ, ರಾಜಾ ಬಿ. ಮಾಣಿಕಂ. ಅದೇ ಯುದ್ಧದ ಕಾರಣಕ್ಕೆ ಛೋಟಾನಾಗ್ಪುರದ ಗೋಸ್ನರ್ ಸಭೆಯೂ 1919ರಲ್ಲೇ ಸ್ವತಂತ್ರವಾಯಿತು. ಅಲ್ಲಿ ಸ್ವೀಡನ್ನಿನವರು ಇರಲಿಲ್ಲ, ಹಾಗಾಗಿ ಬಿಷಪ್ಪೂ ಬರಲಿಲ್ಲ. ಪ್ರಮುಖ ಅಧ್ಯಕ್ಷ ಎಂಬ ಹುದ್ದೆ ಬಂತು. ಗುಂಟೂರು ಕಡೆ ಕೆಲಸ ಮಾಡಿದವರು ಅಮೆರಿಕದವರು. ಅಲ್ಲಿ 1927ರಲ್ಲಿ ಆದ ಆಂಧ್ರ ಲೂಥರನ್ ಸಭೆಗೂ ಅಧ್ಯಕ್ಷರೇ.

ಮುಂದೆ ಗೋಸ್ನರ್ ಸಭೆಯವರೂ ಆಂಧ್ರದವರೂ ಬಿಷಪ್ ಹುದ್ದೆ ತಂದುಕೊಂಡರು. ಅದರಿಂದ ಜಗಳ ನಿಂತಿತಾ? ಇಲ್ಲ. ಸಾಲು ಮುರಿಯದ ತಮಿಳು ಸಭೆಯಲ್ಲೂ ಜಗಳ ಇದೆ, ನಿವೃತ್ತ ನ್ಯಾಯಾಧೀಶರು ಉಸ್ತುವಾರಿ ನೋಡಿಕೊಳ್ಳುವ ಮಟ್ಟಕ್ಕೂ ಹೋಗಿದೆ. ಆಂಧ್ರದಲ್ಲಿ ಅಧ್ಯಕ್ಷರಿದ್ದಾಗಲೂ ಜಗಳ, ಬಿಷಪ್ ಬಂದ ಮೇಲೂ ಜಗಳ. ಇದನ್ನು ನೋಡಿದ ಮೇಲೆ ತಪ್ಪು ಹುದ್ದೆಯ ಹೆಸರಿನಲ್ಲಿ ಇಲ್ಲ ಅಂತ ನನಗೆ ಖಾತ್ರಿಯಾಯಿತು. ಶಾಲೆ, ಕಾಲೇಜು, ಆಸ್ಪತ್ರೆ, ಊರ ನಡುವಿನ ಬೆಲೆಬಾಳುವ ಜಮೀನು ಎಲ್ಲವೂ ಒಂದು ಕುರ್ಚಿಯ ಕೆಳಗೆ ಬಂದು ಸೇರಿವೆ. ಮಿಷನ್‌ಗಳು ಹೋಗುವಾಗ ಆಸ್ತಿ ಬಿಟ್ಟುಹೋದವು, ಆ ಆಸ್ತಿಗೆ ಲೆಕ್ಕ ಕೇಳುವ ವ್ಯವಸ್ಥೆಯನ್ನು ಗಟ್ಟಿಯಾಗಿ ಕಟ್ಟಿಹೋಗಲಿಲ್ಲ. ಜರ್ಮನಿಯ ರಾಜ-ಬಿಷಪ್‌ಗಳ ಕೈಯಲ್ಲಿದ್ದ ಸೀಮೆ ಮತ್ತು ಕಂದಾಯ ಇಲ್ಲಿ ಬಾಡಿಗೆ, ನೇಮಕಾತಿ, ಅಡ್ಮಿಷನ್ ಸೀಟು ಆಗಿ ಬಂದಿವೆ. ಹಾಗಾದ ಮೇಲೆ ಚುನಾವಣೆ ಯಾವುದರ ಮೇಲೆ ನಡೆಯುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಸಿಎಸ್‌ಐ ಲೂಥರನ್ ಸಭೆ ಅಲ್ಲ. ಆದರೆ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಅದು ಹುಟ್ಟಿದಾಗ ಲೂಥರನ್ನರು ಹೊರಗೆ ಉಳಿದರು ಎಂಬುದು ಈ ಚರ್ಚೆಗೆ ಬೇಕಾದ ವಿಷಯ. ಆಂಗ್ಲಿಕನ್ನರಿಗೆ ಬಿಷಪ್ ಸಾಲು ಬಿಡಲಾಗದ್ದು. ಮೆಥಡಿಸ್ಟರಿಗೆ, ಕಾಂಗ್ರಿಗೇಷನಲಿಸ್ಟರಿಗೆ, ಪ್ರೆಸ್ಬಿಟೇರಿಯನ್ನರಿಗೆ ಅದು ಹೊಸದು. ಬಿಷಪ್ ಇರುತ್ತಾರೆ, ಆದರೆ ಸಂವಿಧಾನದ ಕಟ್ಟಿನೊಳಗೆ ಇರುತ್ತಾರೆ ಎಂದು ಒಪ್ಪಂದವಾಯಿತು. ಆ ಸಾಲಿಗೆ ಯಾವ ಒಂದು ಅರ್ಥವನ್ನೂ ಯಾರ ಮೇಲೂ ಹೇರುವುದಿಲ್ಲ ಎಂದೂ ಬರೆದುಕೊಂಡರು. ಬಿಷಪ್ ಇಲ್ಲದೆ ದೀಕ್ಷೆ ಪಡೆದಿದ್ದ ಹಳೇ ಪಾಲಕರಿಗೆ ಮತ್ತೆ ದೀಕ್ಷೆ ಕೊಡಲಿಲ್ಲ. ಇದು ಆ ಕಾಲಕ್ಕೆ ದೊಡ್ಡ ಮನಸ್ಸಿನ ಕೆಲಸ. ನಾನು ಅದನ್ನು ಇವತ್ತಿಗೂ ಮೆಚ್ಚುತ್ತೇನೆ.

ಲೂಥರನ್ನರ ತಕರಾರು ಏನಿತ್ತೆಂದರೆ, ಮೊದಲು ವಿಶ್ವಾಸದ ವಿಷಯದಲ್ಲಿ ಒಂದಾಗೋಣ, ಆಡಳಿತ ಆಮೇಲೆ. 1948ರಿಂದ ಎರಡೂ ಕಡೆಯವರು ವರ್ಷಗಳ ಕಾಲ ಕೂತು ಮಾತಾಡಿದರು, ಎಷ್ಟೋ ವಿಷಯದಲ್ಲಿ ಒಪ್ಪಿಗೆಯ ಹೇಳಿಕೆಗಳನ್ನೂ ಬರೆದರು. ಆದರೂ ಒಂದಾಗಲಿಲ್ಲ.

ಈ ಬಗ್ಗೆ ನಮ್ಮ ಕಡೆಯ ಒಬ್ಬ ಹಿರಿಯರ ಹತ್ತಿರ ಮಾತಾಡಿದ್ದೆ. ಮಿಷನ್ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಅವರ ತಂದೆ ಮೆಥಡಿಸ್ಟ್ ಕಾಲವನ್ನು ಕಂಡವರು. "ಮೇಷ್ಟ್ರೇ, ಬಿಷಪ್ ಇಲ್ಲದ ಕಾಲದಲ್ಲಿ ಸಭೆ ಚೆನ್ನಾಗಿತ್ತಾ?" ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ಆಗ ದೊರೆಗಳು ಇದ್ರಲ್ಲಪ್ಪ. ಬಿಳಿ ಮಿಷನರಿ ಹೇಳಿದ್ದೇ ನಡೀತಿತ್ತು. ಹೆಸರು ಬಿಷಪ್ ಅಂತ ಇರಲಿಲ್ಲ, ಅಷ್ಟೆ. ನಮ್ಮವರೇ ಬಿಷಪ್ ಆದಾಗ ನಮ್ಮ ತಂದೆ ಖುಷಿಪಟ್ಟಿದ್ರು." ಬಿಷಪ್ ಹುದ್ದೆಯನ್ನು ಟೀಕಿಸುವವರು ಈ ಮಾತನ್ನು ಕೇಳಿಸಿಕೊಳ್ಳಬೇಕು. ಹಳ್ಳಿಯ ಬಡ ಮನೆಯಿಂದ ಬಂದ ಒಬ್ಬ ಕನ್ನಡಿಗ ಬಿಷಪ್ ಆಗಿ ನಿಂತಾಗ ಜನರಿಗೆ ಸಿಕ್ಕ ಘನತೆ ಸಣ್ಣದಲ್ಲ. ಸಮಿತಿಗಳೇ ಸಾಕು, ಬಿಷಪ್ ಬೇಡ ಎನ್ನುವವರಿಗೆ ನಾನು ಪೂರ್ತಿ ಜೊತೆಯಾಗದೆ ಇರುವುದು ಇದಕ್ಕೇ. ಊರಿನಲ್ಲಿ ನಾಲ್ಕು ಮನೆಯವರು ಸೇರಿ ಒಬ್ಬ ಒಳ್ಳೆಯ ಪಾಲಕರನ್ನು ಹಿಂಡುವಾಗ, ದೂರದಲ್ಲಿರುವ ಒಬ್ಬ ಬಿಷಪ್ ಅವರಿಗೆ ರಕ್ಷಣೆ ಆಗಬಲ್ಲರು.

ಬಿಷಪ್ ಅಧಿಕಾರ ಯಾವ ಕಡೆಗೂ ತಿರುಗಬಹುದು ಎಂಬುದೂ ನೆನಪಿರಲಿ. ಫಿನ್ಲೆಂಡಿನ ಸಭೆ 1986ರಲ್ಲಿ ಹೆಣ್ಣುಮಕ್ಕಳಿಗೆ ಪಾಲಕ ದೀಕ್ಷೆ ಕೊಡಲು ತೀರ್ಮಾನಿಸಿತು. ಔಲು ಪ್ರಾಂತದ ಬಿಷಪ್ ಮಾತ್ರ 2000ದಲ್ಲಿ ನಿವೃತ್ತಿಯಾಗುವವರೆಗೂ ಯಾವ ಹೆಣ್ಣುಮಗಳಿಗೂ ದೀಕ್ಷೆ ಕೊಡಲಿಲ್ಲ. ಲಾಟ್ವಿಯದ ಸಭೆ 2016ರಲ್ಲಿ ಗಂಡಸರಿಗೆ ಮಾತ್ರ ದೀಕ್ಷೆ ಎಂದು ನಿಯಮವನ್ನೇ ಮಾಡಿತು. ಅಲ್ಲಿನ ಆಗಿನ ಆರ್ಚ್‌ಬಿಷಪ್ 1993ರಲ್ಲಿ ಬಂದಾಗಿನಿಂದಲೇ ಹೆಣ್ಣುಮಕ್ಕಳಿಗೆ ದೀಕ್ಷೆ ಕೊಡುವುದು ನಿಂತುಹೋಗಿತ್ತು. ಜರ್ಮನಿಯ ಹ್ಯಾಂಬುರ್ಗಿನಲ್ಲಿ 1992ರಲ್ಲಿ ಮರಿಯಾ ಯೆಪ್ಸೆನ್ ಲೂಥರನ್ ಲೋಕದ ಮೊದಲ ಮಹಿಳಾ ಬಿಷಪ್ ಆದರು. ಒಬ್ಬ ಬಿಷಪ್ ಬಾಗಿಲು ಹಾಕಬಲ್ಲರು, ಇನ್ನೊಬ್ಬರು ತೆಗೆಯಬಲ್ಲರು. ಒಬ್ಬರ ಮನಸ್ಸಾಕ್ಷಿಗೆ ಗೌರವ ಕೊಡೋಣ. ಆದರೆ ಇಡೀ ಪ್ರಾಂತದ ಹೆಣ್ಣುಮಕ್ಕಳ ಕರೆ ಹದಿನಾಲ್ಕು ವರ್ಷ ಒಬ್ಬರ ಮನಸ್ಸಾಕ್ಷಿಯ ಮೇಲೆ ನಿಲ್ಲಬಾರದಿತ್ತು.

ಹಾಗಾದರೆ ಬೇಲಿ ಹಾಕುವುದು ಹೇಗೆ? ಸ್ವೀಡನ್ನಿನಲ್ಲಿ ಒಂದು ದಾರಿ ಇದೆ. ಲೂಥರನ್ನರಲ್ಲಿ ಸಾಲು ಮುರಿಯದೆ ಉಳಿದ ಸಭೆ ಅದು. ಅಲ್ಲಿನ ಮಹಾಸಭೆಯಲ್ಲಿ ಬಿಷಪ್‌ಗಳು ಕಡ್ಡಾಯವಾಗಿ ಕೂರಬೇಕು. ಬೋಧನೆಯ ವಿಷಯ ಬಂದಾಗ ಅವರ ಅಭಿಪ್ರಾಯ ಕೇಳಲೇಬೇಕು. ಆದರೆ ಬಿಷಪ್ ಎಂಬ ಕಾರಣಕ್ಕೆ ಮತ ಇಲ್ಲ. ಮತ ಹಾಕುವವರು ಜನರಿಂದ ಆಯ್ಕೆಯಾದ ಪ್ರತಿನಿಧಿಗಳು. ಮಾತಿನ ತೂಕ ಬಿಷಪ್‌ಗೆ, ತೀರ್ಮಾನ ಸಭೆಗೆ. ಇದಕ್ಕೂ ಒಂದು ಕುಂದು ಇದೆ. ಅಲ್ಲಿ ಆ ಚುನಾವಣೆಗೆ ರಾಜಕೀಯ ಪಕ್ಷಗಳೂ ಇಳಿಯುತ್ತವೆ. ಆ ಭಾಗ ನಮಗೆ ಬೇಡವೇ ಬೇಡ.

ನಮ್ಮಲ್ಲಿ ಬಿಷಪ್‌ಗಳ ನಿವೃತ್ತಿ ವಯಸ್ಸು ಕೂಡ ವ್ಯಾಜ್ಯದ ವಿಷಯ ಆಯಿತು. ಸಿಎಸ್‌ಐನಲ್ಲಿ ಅದನ್ನು 67ರಿಂದ 70ಕ್ಕೆ ಏರಿಸುವ ತಿದ್ದುಪಡಿ ಮದ್ರಾಸ್ ಹೈಕೋರ್ಟಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಬೋಧನೆಯ ಬಗ್ಗೆ, ಬಡವರ ಬಗ್ಗೆ ಮಾತಾಡಬೇಕಾದ ಸಭೆ ವಕೀಲರಿಗೆ ಫೀಸು ಕಟ್ಟುತ್ತಾ ಕೂತಿದೆ. ಇದು ನನಗೆ ನಿಜವಾಗಿಯೂ ನೋವು ಕೊಡುವ ವಿಷಯ. ಆ ಹಣ ಬರುವುದು ಭಾನುವಾರದ ಕಾಣಿಕೆಯಿಂದ. ತೋಟದಲ್ಲಿ ದಿನಗೂಲಿ ಮಾಡುವ ಹೆಂಗಸರು ಹಾಕಿದ ಕಾಣಿಕೆಯೂ ಅದರಲ್ಲಿದೆ.

ಔಗ್ಸ್‌ಬರ್ಗಿನ 28ನೇ ಕಲಮನ್ನು ಇಲ್ಲಿಗೆ ತಂದರೆ ಕೆಲಸ ಹೀಗೆ ಹಂಚಬೇಕಾಗುತ್ತದೆ. ಪಾಲಕರಿಗೆ ದೀಕ್ಷೆ ಕೊಡುವುದು, ಅವರಿಗೆ ಬುದ್ಧಿ ಹೇಳುವುದು, ಕಷ್ಟದಲ್ಲಿ ಕೈಹಿಡಿಯುವುದು, ತಪ್ಪು ಬೋಧನೆ ಬಂದರೆ ಎದುರು ನಿಂತು ಮಾತಾಡುವುದು, ಇವೆಲ್ಲ ಬಿಷಪ್ ಹತ್ತಿರ ಇರಲಿ. ಜಮೀನು ಮಾರಾಟ, ಲೀಸು, ಶಾಲೆಯ ನೇಮಕಾತಿ, ಬ್ಯಾಂಕ್ ಸಹಿ ಬೇರೆ ಕೈಯಲ್ಲಿರಲಿ. ಆ ಸಮಿತಿಗೆ ಬಿಷಪ್ ಅಧ್ಯಕ್ಷರಾಗಬಾರದು, ಅದರ ಸದಸ್ಯರನ್ನು ಅವರು ನಾಮಕರಣ ಮಾಡಲೂಬಾರದು. ಪಾಲಕರ ವರ್ಗಾವಣೆಗೆ ಕಾರಣ ಬರೆದು ಕೊಡಬೇಕು, ಹೋಗುವ ಸಭೆಯ ಮಾತನ್ನೂ ಬರುವ ಸಭೆಯ ಮಾತನ್ನೂ ಕೇಳಬೇಕು. ಇದು ಬಿಷಪ್‌ಗೂ ಒಳ್ಳೆಯದೇ. ಲೀಸು, ಟೆಂಡರು ಕೈಯಲ್ಲಿ ಇಲ್ಲದ ಬಿಷಪ್ ಯಾವ ಊರಿಗೆ ಬಂದರೂ ಜನ ಅವರ ಮಾತನ್ನು ದೇವರ ವಾಕ್ಯ ಅಂತ ಕೇಳಬಲ್ಲರು. ಈಗ ಆ ಮಾತಿನ ಹಿಂದೆ ಯಾವ ಲೆಕ್ಕಾಚಾರ ಇದೆಯೋ ಅಂತ ಹುಡುಕುತ್ತಾ ಕೂರುತ್ತಾರೆ.

ಉಳಿದದ್ದು ದೂರಿನ ವಿಷಯ. ಬಿಷಪ್ ಮೇಲೆ ದೂರು ಬಂದಾಗ ವಿಚಾರಣೆ ಮಾಡುವವರನ್ನು ಆರಿಸುವುದು ಬಿಷಪ್‌ಗಳ ಕೂಟ ಆಗಬಾರದು. ಪಾಲಕರು, ಸಾಮಾನ್ಯ ಸಭಿಕರು, ಅದರಲ್ಲೂ ಹೆಂಗಸರು, ಮತ್ತು ಹೊರಗಿನ ಒಬ್ಬ ನಿವೃತ್ತ ನ್ಯಾಯಾಧೀಶರು ಸೇರಿದ ಸಮಿತಿ ಮೊದಲೇ ಇರಬೇಕು. ದೂರು ಬಂದ ಮೇಲೆ ಅವಸರದಲ್ಲಿ ಕಟ್ಟಿದರೆ ಅದರ ಮೇಲೆ ಯಾರಿಗೂ ನಂಬಿಕೆ ಬರುವುದಿಲ್ಲ, ಕೊನೆಗೆ ಎಲ್ಲರೂ ಹೈಕೋರ್ಟಿಗೇ ಓಡುತ್ತಾರೆ. ಈಗ ಕೋರ್ಟು ತನ್ನ ಕಡೆಯಿಂದ ನೇಮಿಸುತ್ತಿರುವ ನಿವೃತ್ತ ನ್ಯಾಯಾಧೀಶರನ್ನು ಸಭೆಯೇ ಮೊದಲು ಕರೆಯಬಹುದು. ಇದಕ್ಕೆ ನಮ್ಮ ಸಿಎಸ್‌ಐ ಪ್ರಾಂತದ ಕೌನ್ಸಿಲಿನಲ್ಲಿ ತಿದ್ದುಪಡಿ ತರಬೇಕು. ಹಾಸನ, ಚಿಕ್ಕಮಗಳೂರಿನ ಸಭೆಗಳಿಂದಲೂ ಆ ಕೌನ್ಸಿಲಿಗೆ ಪ್ರತಿನಿಧಿಗಳು ಹೋಗುತ್ತಾರೆ. ಮುಂದಿನ ಸಲ ಆ ಪ್ರತಿನಿಧಿಗಳನ್ನು ಆರಿಸುವ ಸಭೆಯಲ್ಲಿ, ಈ ತಿದ್ದುಪಡಿಗೆ ನೀವು ಮತ ಹಾಕುತ್ತೀರಾ ಅಂತ ಅವರನ್ನು ಎಲ್ಲರ ಎದುರು ಕೇಳಿ. ಅವರು ಕೊಟ್ಟ ಉತ್ತರವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ.